ನೂರೈವತ್ತು ವ್ಯಾಟಿನ ಪದವಿ

ನಮ್ಮ ಮನೆಗೆ ಹೊಸ ಸಾಮಾನು ಯಾವುದೇ ಬರಲಿ, ಪೆಟ್ಟಿಗೆ ಬಿಚ್ಚುವ ಹಕ್ಕು ನನ್ನದು. ಮಿಕ್ಸಿಯಾಗಲಿ, ಬಿ.ಪಿ. ನೋಡುವ ಯಂತ್ರವಾಗಲಿ, ಒಳಗಿನ ಇಂಗ್ಲಿಷ್ ಪುಸ್ತಿಕೆಯನ್ನು ನಾನು ಕನ್ನಡದಲ್ಲಿ ಓದಿ ಹೇಳುವ ತನಕ ಯಾರೂ ಪ್ಲಗ್ಗು ಮುಟ್ಟುವುದಿಲ್ಲ. ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಹಗಲು ಚೆನ್ನೈನ ನುಂಗಂಬಾಕ್ಕಂನ ಒಂದು ಆಫೀಸಿನಲ್ಲಿ ಕೆಲಸ ಮಾಡಿ, ಸಂಜೆ ಕಾಲೇಜಿಗೆ ಓಡಿ ಪಡೆದ ಬಿ.ಎಸ್ಸಿ. ಅದು. ಒಂದು ಪೇಪರನ್ನು ಮೂರು ಸಲ ಬರೆಯಬೇಕಾಯಿತು. ಯಾವ ಪೇಪರೆಂದರೆ, ವಿದ್ಯುತ್ತಿನದು. ಒಂದೇ ಸಲಕ್ಕೆ ಪಾಸಾದವರಿಗಿಂತ ಮೂರು ಪಟ್ಟು ಓದಿದ್ದೇನೆ ಎಂದು ನಾನು ಅದನ್ನೂ ಹೆಮ್ಮೆಯ ಪಟ್ಟಿಗೇ ಸೇರಿಸಿಕೊಂಡಿದ್ದೆ.

ಅಮ್ಮನಿಗೆ ಉಬ್ಬಸ. ಯಾವ ಹೊತ್ತಿನಲ್ಲಿ ಉಸಿರು ಕಟ್ಟುತ್ತದೋ ಹೇಳಲಾಗದು. ಕಟ್ಟಿತೆಂದರೆ ನೆಬ್ಯುಲೈಸರ್ ಹಾಕಿ, ಔಷಧಿಯ ಆವಿಯನ್ನು ಹತ್ತು ನಿಮಿಷ ಎಳೆದುಕೊಳ್ಳಬೇಕು. ಒಳಗಿನ ಮೋಟರಿನಿಂದ ಗಾಳಿ ಒತ್ತುವ ಆ ಯಂತ್ರಕ್ಕೆ ಮನೆಯ ಕರೆಂಟೇ ಬೇಕು. ಬ್ಯಾಟರಿಯದೊಂದು ಪುಟ್ಟ ಯಂತ್ರ ತಂದುಕೊಟ್ಟಿದ್ದೆ. ಸದ್ದೇ ಮಾಡದ ಯಂತ್ರ ಕೆಲಸ ಮಾಡುತ್ತದೆಂದು ಅಮ್ಮ ನಂಬಲಿಲ್ಲ. ಹೀಗಾಗಿ ಮೂರು ವರ್ಷದಿಂದ ಅವಳು ಚೆನ್ನೈ ದಾಟಿರಲಿಲ್ಲ. ಈಗ ಮಂಡ್ಯದಲ್ಲಿರುವ ಅವಳ ಅಕ್ಕನ ಮೊಮ್ಮಗುವಿಗೆ ನಾಮಕರಣ. ಅಕ್ಕನಿಗೆ ಮಂಡಿ ನೋವು, ಅವರು ಇಲ್ಲಿಗೆ ಬರುವಂತಿಲ್ಲ. ಅಮ್ಮ ಹೋಗಲೇಬೇಕಿತ್ತು. ಬಾಯಿ ಬಿಟ್ಟು ಹೇಳಲಿಲ್ಲ, ಸೀರೆ ಮಾತ್ರ ಇಸ್ತ್ರಿಗೆ ಕೊಟ್ಟಿದ್ದಳು.

ಕಾರಿನಲ್ಲಿ ಇನ್ವರ್ಟರ್ ಹಾಕಿಸಿದರಾಯಿತು ಎಂದೆ. ಕಾರಿನ ಹನ್ನೆರಡು ವೋಲ್ಟನ್ನು ಮನೆಯ ಕರೆಂಟು ಮಾಡಿಕೊಡುವ ಡಬ್ಬಿ ಅದು. ನೆಬ್ಯುಲೈಸರಿನ ಹಿಂದೆ ನೂರನಲವತ್ತು ವ್ಯಾಟ್ ಎಂದು ಬರೆದಿತ್ತು. ನಾನು ತಂದದ್ದು ನೂರೈವತ್ತು ವ್ಯಾಟಿನದು. ಡ್ಯಾಶ್‌ಬೋರ್ಡಿನಲ್ಲಿರುವ ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಮುಗಿಯಿತು. ಎಂದಿನಂತೆ ಎಲ್ಲರನ್ನೂ ಕೂರಿಸಿಕೊಂಡು ಪುಸ್ತಿಕೆ ಓದಿದೆ. ಕೊನೆಯ ಪುಟದಲ್ಲಿ ಮೋಟರು, ಫ್ರಿಜ್ಜು ಎಂದೇನೋ ಇತ್ತು. ನಾವೇನು ಕಾರಿನಲ್ಲಿ ಫ್ರಿಜ್ಜು ಇಡುತ್ತೇವೆಯೇ ಎಂದು ಮಡಚಿಟ್ಟೆ.

ಅಪ್ಪ ಪೇಪರು ಕೆಳಗಿಟ್ಟರು. "ಮಗಾ, ಮೋಟ್ರು ಹೊರಡೋ ಹೊತ್ನಲ್ಲಿ ಜಾಸ್ತಿ ಎಳೀತದೆ ಕಣವ್ವ."

"ಅಪ್ಪಾ, ಇದು ಶೂಟಿಂಗ್ ಲೈಟಲ್ಲ. ಲೆಕ್ಕ ಹಾಕಿದ್ದೀನಿ, ಇನ್ನೂ ಹತ್ತು ವ್ಯಾಟ್ ಮಿಗುತ್ತೆ."

"ಹಂಗಾರೆ ಸರಿ. ಓದಿರೋಳು ನೀನು," ಎಂದು ಅವರು ಪೇಪರು ಮೇಲೆತ್ತಿಕೊಂಡರು.

ಅಪ್ಪನ ವಿಷಯ ಇಲ್ಲಿ ಹೇಳಬೇಕು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಕೋಡಂಬಾಕ್ಕಂನಲ್ಲಿ ಸಿನಿಮಾ ಶೂಟಿಂಗಿಗೆ ಹೋಗುವ ಜನರೇಟರ್ ವ್ಯಾನನ್ನು ಮೂವತ್ತು ವರ್ಷ ನೋಡಿಕೊಂಡರು. ಅಂದರೆ, ಗಾಡಿಯೊಳಗಿಂದ ಕರೆಂಟು ಕೊಡುವುದೇ ಅವರ ಅನ್ನವಾಗಿತ್ತು. ಆ ಅನ್ನ ತಿಂದು ನಾನು ಓದಿದ್ದು. ಇನ್ವರ್ಟರಿನ ಬಗ್ಗೆ ಅಂತರ್ಜಾಲದಲ್ಲಿ ಯಾರ್ಯಾರನ್ನೋ ಕೇಳಿದ್ದ ನನಗೆ, ಎದುರಿನ ಕುರ್ಚಿಯಲ್ಲಿದ್ದವರನ್ನು ಕೇಳಬೇಕೆಂದು ಹೊಳೆಯಲೇ ಇಲ್ಲ.

ಭಾನುವಾರ ಬೆಳಿಗ್ಗೆ ತಾಂಬರಂ ಕಡೆಗೆ ಪರೀಕ್ಷೆಗೆಂದು ಹೊರಟೆವು. ಅಪ್ಪ ನನ್ನ ಪಕ್ಕದಲ್ಲಿದ್ದರು. ಅಮ್ಮ ಹಿಂದಿನ ಸೀಟಿನಲ್ಲಿ ಮಾಸ್ಕ್ ಕಟ್ಟಿಕೊಂಡು, ಫೋಟೋ ತೆಗೆಸಿಕೊಳ್ಳುವವಳಂತೆ ನೆಟ್ಟಗೆ ಕೂತಿದ್ದಳು. ಕಾರು ಬದಿಗೆ ನಿಲ್ಲಿಸಿ, ಎಂಜಿನ್ ಆರಿಸದೆ ಸ್ವಿಚ್ ಒತ್ತಿದೆ. ಯಂತ್ರ 'ಘುರ್' ಎಂದಿತು. ಇನ್ವರ್ಟರ್ 'ಕೀ' ಎಂದು ಕೂಗಿ ಕೆಂಪು ದೀಪ ತೋರಿಸಿತು. ಮತ್ತೆ ಒತ್ತಿದೆ. ಮತ್ತೆ ಘುರ್, ಮತ್ತೆ ಕೀ. ವಿದ್ಯುತ್ತಿನ ಪೇಪರಿನಲ್ಲಿ ಹಟ ಹಿಡಿದೇ ಗೆದ್ದವಳಲ್ಲವೇ, ಮೂರನೆಯ ಸಲವೂ ಒತ್ತಿದೆ. ಈ ಸಲ ಸಾಕೆಟ್ಟಿನ ಫ್ಯೂಸೇ ಹೋಯಿತು.

ಅಮ್ಮ ಮಾಸ್ಕ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. "ಬುಡು ಕಣವ್ವ, ನಾ ಬರಾಕಿಲ್ಲ. ಅಕ್ಕಂಗೆ ಫೋನ್ ಮಾಡಿ ಹೇಳ್ತೀನಿ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ನನ್ನನ್ನೇ ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು. ಕಡೆಗೆ ನಾನೇ, ಮುಂದೆ ನೋಡುತ್ತಲೇ, "ಅಪ್ಪಾ, ಹೇಗೆ ಮಾಡಬೇಕು?" ಎಂದೆ. ಡಿಗ್ರಿ ಬಂದ ಮೇಲೆ ಅವರನ್ನು ಹಾಗೆ ಕೇಳಿದ್ದು ಅದೇ ಮೊದಲು.

"ಆರುನೂರು ವ್ಯಾಟಿಂದು ತಕೋ. ಮೋಟ್ರಿಗೆ ಮನೆ ಕರೆಂಟಿನಂಗೇ ಕೊಡೋ ಪ್ಯೂರ್ ಸೈನ್ ಅಂತ ಬತ್ತದಲ್ಲ, ಅದೇ ಆಗ್ಬೇಕು. ಈ ತೂತಿಂದ ಬೇಡ. ನೇರ ಬ್ಯಾಟರಿಯಿಂದ್ಲೇ ದಪ್ಪ ವೈರ್ ಎಳೀಬೇಕು. ಫ್ಯೂಸು ಬ್ಯಾಟರಿ ಪಕ್ಕದಲ್ಲೇ ಇರ್ಬೇಕು." ಒಂದೇ ಉಸಿರಿಗೆ ಹೇಳಿದರು. ಎಷ್ಟು ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದರೋ.

"ಮೊದಲೇ ಹೇಳಬಾರದಿತ್ತಾ?"

"ಹೇಳ್ದೆ. ನೀನು ಹತ್ತು ವ್ಯಾಟ್ ಮಿಗ್ಸಿದ್ದೆ."

ಕೋಡಂಬಾಕ್ಕಂನ ಅವರ ಹಳೆಯ ಗೆಳೆಯ, ಗಾಡಿಗಳ ವೈರಿಂಗ್ ಮಾಡುವವನು, ಬಾನೆಟ್ ಎತ್ತಿ ಬಗ್ಗಿದ. ಕತೆ ಕೇಳಿ ತಮಿಳಿನಲ್ಲಿ, "ಜನರೇಟರ್ ಅಣ್ಣನ ಮಗಳು ಸಿಗರೇಟ್ ಸಾಕೆಟ್ಟಿಗಾ ಮೋಟರ್ ಹಾಕಿದ್ದು?" ಎಂದು ನಕ್ಕ. ಅಪ್ಪ ನಗಲಿಲ್ಲ. "ಲೆಕ್ಕ ಸರಿಯಾಗೇ ಇತ್ತಪ್ಪಾ, ಡಬ್ಬಿ ಚಿಕ್ಕದಾಯ್ತು," ಎಂದು ಅದೇ ತಮಿಳಿನಲ್ಲಿ ನನ್ನ ಮಾನ ಉಳಿಸಿದರು. ನಾನು ಟಾರ್ಚು ಹಿಡಿದು ನಿಂತೆ. ಕಿರುಬೆರಳಷ್ಟು ದಪ್ಪದ ವೈರು ಕಾರ್ಪೆಟ್ಟಿನ ಕೆಳಗೆ ಹಾದು ಮುಂದಿನ ಸೀಟಿನಡಿಯ ಹೊಸ ಇನ್ವರ್ಟರಿಗೆ ಬಂತು. ಮನೆಗೆ ಹೋಗಿ ಹಳೆಯ ಪುಸ್ತಿಕೆಯ ಕೊನೆಯ ಪುಟ ತೆಗೆದು ಓದಿದೆ. ಅಪ್ಪ ಹೇಳಿದ್ದೇ ಅಲ್ಲಿ ಇಂಗ್ಲಿಷಿನಲ್ಲಿತ್ತು. ಗಟ್ಟಿಯಾಗಿ ಓದಲಿಲ್ಲ.

ಮಂಡ್ಯದ ದಾರಿಯಲ್ಲಿ, ವೆಲ್ಲೂರು ದಾಟಿದ ಮೇಲೆ ಅಮ್ಮನ ಉಸಿರು ಸಿಳ್ಳೆ ಹಾಕತೊಡಗಿತು. ಮಾಸ್ಕ್ ಕಟ್ಟಿಕೊಂಡು, ಸ್ವಿಚ್ಚಿನ ಮೇಲೆ ಬೆರಳಿಟ್ಟು, ಅಭ್ಯಾಸದಂತೆ ನನ್ನ ಕಡೆ ತಿರುಗಿದಳು. ಆಮೇಲೆ ಮುಖ ಅಪ್ಪನ ಕಡೆ ಹೋಯಿತು. "ಹಾಕ್ಲಾ?"

"ಹಾಕು."

ಯಂತ್ರ ಒಂದೇ ಏಟಿಗೆ ಹೊರಟಿತು. ಹತ್ತು ನಿಮಿಷ ಕಾರಿನ ತುಂಬ ಅದರದೇ ಗದ್ದಲ. ಅಮ್ಮ ಕಣ್ಣು ಮುಚ್ಚಿ ಆವಿ ಎಳೆದುಕೊಂಡಳು, ಸಿಳ್ಳೆ ನಿಂತಿತು.

ನಾಮಕರಣದ ಮನೆಯಲ್ಲಿ ಅಮ್ಮ ತನ್ನ ಅಕ್ಕನ ಪಕ್ಕ ಕೂತು, ಬಂದವರಿಗೆಲ್ಲ ಹೇಳುತ್ತಿದ್ದಳು: "ಕಾರ್ನಾಗೇ ಕರೆಂಟು ಮಾಡ್ಸವ್ಳೆ ನನ್ ಮಗಳು. ಬಿ.ಎಸ್ಸಿ. ಓದವ್ಳಲ್ಲ!" ಅಪ್ಪ ಹೌದೆಂದು ತಲೆಯಾಡಿಸಿದರು. ನಾನೂ ತಿದ್ದಲಿಲ್ಲ; ಮೂರು ಸಲ ಬರೆದು ಪಡೆದದ್ದನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲಾಗುತ್ತದೆಯೇ? ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ, ಅಪ್ಪ ಹೊರಗೆ ಬಾನೆಟ್ ಎತ್ತಿ ನಿಂತಿದ್ದರು. ಹಿಂದಿರುಗುವ ದಾರಿಗೆ ಫ್ಯೂಸಿನ ತುದಿಗಳು ಬಿಗಿಯಾಗಿವೆಯೇ ಎಂದು ಬೆರಳಿನಿಂದ ಅಲುಗಿಸಿ ನೋಡುತ್ತಿದ್ದರು. ಎದ್ದು ಹೋಗಿ ಪಕ್ಕದಲ್ಲಿ ಟಾರ್ಚು ಹಿಡಿದೆ. ಹಾಡಹಗಲು, ಟಾರ್ಚಿನ ಅಗತ್ಯವೇನೂ ಇರಲಿಲ್ಲ.