ಅವ್ವ ನೀರು ಕುಡಿದ ಮನೆ

ಮೊನ್ನೆ ಅವ್ವನನ್ನು ಮಂಡ್ಯದ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಬಾಗಿಲಲ್ಲಿ ಕೂತಿದ್ದ ಹುಡುಗಿ ನಮ್ಮಿಬ್ಬರ ಅಂಗೈಗೂ ಬಾಟಲಿಯಿಂದ ಸ್ಯಾನಿಟೈಸರ್ ಒತ್ತಿದಳು. ತಣ್ಣಗೆ ಮೂಗಿಗೇರುವ ಆ ವಾಸನೆ ಬಂದದ್ದೇ ತಡ, ನನ್ನ ಕಾಲ ಕೆಳಗಿನ ನೆಲ ಒಂದಿಷ್ಟು ವಾಲಿದಂತಾಗಿ ಗೋಡೆ ಹಿಡಿದುಕೊಂಡೆ.

"ಏನ್ಲಾ, ಅಲ್ನೋವು ನಂಗೋ ನಿಂಗೋ?" ಅಂದಳು ಅವ್ವ.

ಹೇಗೆ ಹೇಳಲಿ? ಬೇರೆಯವರಿಗೆ ಅದು ಆಸ್ಪತ್ರೆಯ ವಾಸನೆ. ನನಗೆ ಅದು ಊಟದ ವಾಸನೆ. ಹೋದ ವರ್ಷ ನಾವು ಕೆರಿಬಿಯನ್ ಸಮುದ್ರದಲ್ಲಿ, ಒಂದು ಭಾರಿ ಪ್ರವಾಸಿ ಹಡಗಿನಲ್ಲಿದ್ದೆವು. ಅಲ್ಲಿ ಊಟದ ಕೋಣೆಯ ಬಾಗಿಲಲ್ಲಿ ಒಬ್ಬ ಪುಣ್ಯಾತ್ಮ ಹಾಡು ಹೇಳುತ್ತಾ, ಕುಣಿಯುತ್ತಾ, ಬಂದವರ ಕೈಗೆಲ್ಲ ಇದನ್ನೇ ಒತ್ತುತ್ತಿದ್ದ. ಮೊದಲನೇ ದಿನ ಅವ್ವ ಅದನ್ನು ತೀರ್ಥವೆಂದುಕೊಂಡು ಕಣ್ಣು ಮುಚ್ಚಿ ಬಾಯಿಗೆ ಎತ್ತಿದ್ದಳು. ಅವನ ಹಾಡು ಅಲ್ಲಿಗೇ ನಿಂತಿತು. ನನ್ನ ಹೆಂಡತಿ ಸಾವಿತ್ರಿ ಓಡಿಹೋಗಿ ಅವ್ವನ ಕೈ ಹಿಡಿಯದೆ ಇದ್ದಿದ್ದರೆ ನಮ್ಮ ಪ್ರವಾಸ ಆವತ್ತೇ ಮುಗಿಯುತ್ತಿತ್ತು.

ನಾವು ಅಲ್ಲಿಗೆ ಹೋದದ್ದು ಹೇಗೆ ಅಂತ ನೀವು ಕೇಳಬೇಕು. ನಾನು ಮದ್ದೂರಿನಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದವನು. ಸಮಾಜ ಪಾಠ. ಭೂಪಟದ ಮೇಲೆ ಕೋಲಿಟ್ಟು 'ಇದು ವೆಸ್ಟ್ ಇಂಡೀಸು' ಅಂತ ಮಕ್ಕಳಿಗೆ ತೋರಿಸಿದ್ದೆಷ್ಟೋ, ಆದರೆ ಅಲ್ಲಿ ನಿಜವಾಗಿಯೂ ಜನ ಬಟ್ಟೆ ಒಗೆದು ಒಣಗಿಹಾಕುತ್ತಾರೆ ಎಂದು ನನ್ನ ತಲೆಗೆ ಎಂದೂ ಹೊಳೆದಿರಲಿಲ್ಲ. ಹೊಳೆಯುವ ಹಾಗೆ ಮಾಡಿದವಳು ನನ್ನ ತಂಗಿ ಜಯ. ಅವಳು ಮಂಡ್ಯದಲ್ಲಿ ನರ್ಸಿಂಗ್ ಓದಿ ಮೊದಲು ಮಸ್ಕತ್ತಿಗೆ ಹೋದಳು. ಅಲ್ಲಿಂದ ಸೇಂಟ್ ಲೂಸಿಯಾ ಎಂಬ ಪುಟ್ಟ ದ್ವೀಪದ ಆಸ್ಪತ್ರೆಗೆ ಹೋಗಿ, ಅಲ್ಲಿಯವನೇ ಆದ ಲಿಯೋನ್ ಎಂಬ ಆಂಬುಲೆನ್ಸ್ ಡ್ರೈವರನ್ನು ಮದುವೆಯಾದಳು. ಆದ ಮೇಲೆ ನಮಗೆ ಫೋಟೋ ಕಳಿಸಿದಳು.

ಕಿರುಗಾವಲಿನ ನಮ್ಮ ಮನೆಯಲ್ಲಿ ಅವ್ವ ಆ ಫೋಟೋವನ್ನು ಬಹಳ ಹೊತ್ತು ನೋಡಿದಳು. ಆಮೇಲೆ, "ಅವಳ ಮನೇಲಿ ನಾನು ಒಂದ್ ಲೋಟ ನೀರ್ ಕುಡುದ್ರೆ ಕೇಳು" ಅಂದಳು. ಅವ್ವನ ಸಿಟ್ಟು ಹುಡುಗನ ಜಾತಿಯ ಮೇಲೋ, ಬಣ್ಣದ ಮೇಲೋ, ದೇಶದ ಮೇಲೋ, ತನ್ನನ್ನು ಒಂದು ಮಾತು ಕೇಳದೆ ಮಾಡಿಕೊಂಡರು ಎನ್ನುವುದರ ಮೇಲೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ಅವ್ವನಿಗೆ ಬಗೆಹರಿದಿತ್ತು ಅಂತಲೂ ಹೇಳಲಾರೆ. ಜಯ ಏನು ಕಡಿಮೆಯೇ? ಅದೇ ಹೊಟ್ಟೆಯಲ್ಲಿ ಹುಟ್ಟಿದವಳು. "ಅವ್ವ ನನ್ ಮನೆಗೆ ಬರೋಗಂಟ ನಾನೂ ಕಿರುಗಾವಲಿಗೆ ಬರಲ್ಲ" ಅಂದಳು. ಅವಳಿಗೆ ಮಗಳು ಹುಟ್ಟಿದಳು, ಮಾಯಾ ಅಂತ ಹೆಸರಿಟ್ಟರು, ಆ ಮಗು ಸ್ಕೂಲಿಗೆ ಹೋಗುವಷ್ಟು ದೊಡ್ಡದಾಯಿತು. ಇಬ್ಬರೂ ಹಟ ಬಿಡಲಿಲ್ಲ.

ಆಮೇಲೆ ಒಂದು ಸಲ ಅವ್ವ ಎದೆನೋವು ಅಂತ ಆಸ್ಪತ್ರೆ ಸೇರಿ ಬಂದಳು. ಅದಾಗಿ ಸ್ವಲ್ಪ ದಿನಕ್ಕೆ ಜಯಳ ಫೋನು. "ಅಣ್ಣ, ಹಡಗು ಯಾರ ಮನೆನೂ ಅಲ್ಲ ಕಣಣ್ಣ. ನಾನೂ ಮಾಯಾನೂ ಮಯಾಮಿಗೆ ಬತ್ತೀವಿ. ನೀವು ಅವ್ವನ್ನ ಕರ್ಕಂಡು ಬನ್ನಿ. ಹಡಗಲ್ಲಿ ನೀರು ಕುಡುದ್ರೆ ಅವಳ ಮಾತೇನೂ ಕೆಡಲ್ಲ."

ಅವ್ವ ಒಪ್ಪಿದಳು. "ಮೊಮ್ಮಗಳ್ನ ನೋಡ್ಕಬತ್ತೀನಿ. ಅವಳ್ನ ನೋಡಕ್ಕಲ್ಲ" ಅಂದಳು.

ಮಯಾಮಿಯ ದಡದಲ್ಲಿ ಅವ್ವ ಹಡಗಿಗೆ ಎದುರಾಗಿ ನಿಂತು, "ಅಡಗೆಲ್ಲಿ?" ಅಂತ ಕೇಳಿದಳು. ಅದೇ ಕಣವ್ವ ಅಂದೆ. "ಅದ್ ಆಸ್ಪತ್ರೆ ಕಣ್ಲಾ" ಅಂದಳು. ಅವಳದೇನೂ ತಪ್ಪಲ್ಲ. ಸಾಲು ಸಾಲು ಬಾಲ್ಕನಿ, ಅದರ ಮೇಲೆ ಮತ್ತೆ ಸಾಲು ಬಾಲ್ಕನಿ. ನೀರು ಎಲ್ಲಿದೆ ಅಂತ ಬಗ್ಗಿ ನೋಡಬೇಕಾಗಿತ್ತು. ಹತ್ತಿದ ಕೂಡಲೇ ಎಲ್ಲರನ್ನೂ ಒಂದು ಕಡೆ ಸೇರಿಸಿ, ಅನಾಹುತವಾದರೆ ಲೈಫ್ ಜಾಕೆಟ್ ಹೇಗೆ ತೊಡಬೇಕು ಅಂತ ತೋರಿಸಿದರು. ನಾನು ಅವ್ವನಿಗೆ ವಿವರಿಸಿದೆ. "ಅತ್ತುಸ್ಕಂಡು, ಬಾಗ್ಲು ಆಕ್ಕಂಡ್ ಮ್ಯಾಲೆ ಮುಳುಗೋ ಇಸ್ಯ ಯೇಳ್ತಾವ್ರಲ್ಲ, ಮೊದ್ಲೇ ಯೇಳಿದ್ರೆ ಇಳ್ಕಂಡ್ ಓಯ್ತಿರ್ಲಿಲ್ವಾ?" ಅಂತ ಕೇಳಿದಳು.

ಹಡಗಿನಲ್ಲಿ ನನ್ನ ಕಷ್ಟ ದಾರಿಯದು. ಒಂದೇ ಥರದ ಉದ್ದುದ್ದ ಓಣಿ, ಒಂದೇ ಥರದ ಬಾಗಿಲು. ನಮ್ಮ ರೂಮೆಂದು ಬೇರೆಯವರ ಬಾಗಿಲಿಗೆ ಕಾರ್ಡು ಉಜ್ಜುತ್ತಾ ನಿಂತು, ಒಳಗಿನಿಂದ ಟವೆಲು ಸುತ್ತಿಕೊಂಡ ಒಬ್ಬ ದಡಿಯ ಬಾಗಿಲು ತೆಗೆದಾಗ 'ಗುಡ್ ಮಾರ್ನಿಂಗ್' ಹೇಳಿ ಬಂದೆ. ಆಗ ಸಂಜೆಯಾಗಿತ್ತು. ಹಾಸುಗಂಬಳಿಯಲ್ಲಿ ನೇಯ್ದ ಮೀನುಗಳೆಲ್ಲ ಹಡಗಿನ ಮುಂಭಾಗಕ್ಕೆ ಮುಖ ಮಾಡಿವೆ, ಮೀನು ನೋಡಿಕೊಂಡು ನಡೆಯಿರಿ ಅಂತ ಸಾವಿತ್ರಿ ಕಂಡುಹಿಡಿದು ಹೇಳಿದಳು. ನನಗೆ ಮುಂಭಾಗ ಗೊತ್ತಾಯಿತು. ಆದರೆ ನಮ್ಮ ರೂಮು ಮುಂಭಾಗದಲ್ಲಿದೆಯೋ ಹಿಂಭಾಗದಲ್ಲೋ ಎನ್ನುವುದು ಮರೆತುಹೋಗಿತ್ತು.

ಅವ್ವನ ಕಷ್ಟ ಸೂರ್ಯನದು. ಬೆಳಗ್ಗೆ ಎದ್ದು ಸೂರ್ಯನಿಗೆ ಕೈಮುಗಿಯದೆ ಅವಳು ಕಾಫಿ ಕುಡಿಯುವವಳಲ್ಲ. ಒಂದು ದಿನ ಬಾಲ್ಕನಿಯಲ್ಲೇ ಸೂರ್ಯ ಸಿಕ್ಕ. ಮಾರನೇ ದಿನ ಅಲ್ಲಿರಲಿಲ್ಲ. ಹಡಗು ತಿರುಗಿದೆ ಅಂದರೆ ಅವಳು ನಂಬಲಿಲ್ಲ. ಅಲುಗಾಡಿದ್ದೇ ಗೊತ್ತಾಗಿಲ್ಲ, ತಿರುಗಿದ್ದು ಹೇಗೆ? "ಯೊತ್ತಾರೆ ಎದ್ದು ದೇವ್ರನ್ನ ಉಡುಕ್ಕಂಡ್ ಓಗ್ಬೇಕಲ್ಲಪ್ಪಾ" ಎನ್ನುತ್ತಾ ನನ್ನನ್ನು ಎಬ್ಬಿಸಿಕೊಂಡು, ಲಿಫ್ಟಿನಲ್ಲಿ ಮೇಲಕ್ಕೂ ಕೆಳಕ್ಕೂ ಓಡಾಡಿ, ಕೊನೆಗೆ ಈಜುಕೊಳದ ಹಿಂದೆಲ್ಲೋ ಸೂರ್ಯನನ್ನು ಹಿಡಿದು ಕೈಮುಗಿಯುತ್ತಿದ್ದಳು. ಚಡ್ಡಿ ಹಾಕಿಕೊಂಡು ಓಡುತ್ತಿದ್ದ ಬಿಳಿಯರು ತಮಗೇ ಕೈಮುಗಿಯುತ್ತಿದ್ದಾಳೆಂದುಕೊಂಡು ತಾವೂ ಮುಗಿಯುತ್ತಿದ್ದರು.

ಇದೆಲ್ಲ ನಗುವ ಮಾತಾಯಿತು. ನಗಲಾರದ್ದು ಊಟದ ಮೇಜಿನಲ್ಲಿತ್ತು. ಅವ್ವ ಮಾಯಾಳನ್ನು ಮೊದಲ ದಿನವೇ ಮಡಿಲಿಗೆ ಎಳೆದುಕೊಂಡಿದ್ದಳು. ಆ ಮಗುವಿಗೆ ಕನ್ನಡ ಬಾರದು, ಇವಳಿಗೆ ಇಂಗ್ಲಿಷು ಬಾರದು. ಮಾತಿಗೆ ಮಾತ್ರ ಬಿಡುವಿರಲಿಲ್ಲ. ಆದರೆ ಎದುರಲ್ಲೇ ಕೂತ ಮಗಳ ಜೊತೆ ಒಂದು ಮಾತಿಲ್ಲ. ಏನಿದ್ದರೂ ನನ್ನ ಮೂಲಕ.

"ನಿನ್ ತಂಗಿಗೆ ಯೇಳು, ಕೂಸಿಗೆ ತಲೆ ಸರ್ಯಾಗಿ ಬಾಚಿಲ್ಲ."

"ಅಣ್ಣ, ಅವ್ವನಿಗೆ ಹೇಳು, ಆ ಕೂದಲಿಗೆ ನಮ್ ಬಾಚಣಿಗೆ ನಡೆಯಲ್ಲ."

"ಎಣ್ಣೆ ಆಕಿದ್ರೆ ನಡೀತದೆ ಅಂತ ಯೇಳು."

ಮೇಜಿನ ಅಗಲ ಎರಡು ಮೊಳ. ಇಬ್ಬರಿಗೂ ಇಬ್ಬರ ಮಾತೂ ಕೇಳಿಸುತ್ತಿತ್ತು. ಆದರೂ ನಾನು ಹೇಳಿದ ಮೇಲೆಯೇ ಕೇಳಿಸಿದಂತೆ ತಲೆಯಾಡಿಸುತ್ತಿದ್ದರು. ಬಾಯಿಗಿಟ್ಟ ಅನ್ನ ನುಂಗಲು ನನಗೆ ಪುರುಸೊತ್ತು ಸಿಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಜಯ ಎದ್ದು ಡೆಕ್ಕಿಗೆ ಹೋಗಿ ಕಂಬಿ ಹಿಡಿದು ನಿಂತಳು. ಹಿಂದೆ ಹೋದೆ. "ಯಾಕಾದ್ರೂ ಕರ್ಕಬಂದ್ನೋ ಅಣ್ಣ" ಅಂದಳು. "ಇಷ್ಟು ಹತ್ರದಲ್ಲಿ ಕೂತ್ಕಂಡು ಮಾತಾಡ್ದೆ ಇರೋದ್ಕಿಂತ ಅಷ್ಟು ದೂರದಲ್ಲಿ ಇದ್ದಿದ್ದೇ ವಾಸಿಯಾಗಿತ್ತು." ಸಮುದ್ರ ಬಹಳ ನೀಲಿಯಾಗಿದೆ ಅಂತ ಏನೋ ಅಂದೆ.

ದ್ವೀಪ ದ್ವೀಪ ಸುತ್ತುತ್ತಿದ್ದ ಹಡಗು ಜಯಳ ಸೇಂಟ್ ಲೂಸಿಯಾ ಬಂದರಿಗೂ ಬಂದ ಬೆಳಗ್ಗೆ, ಜಯ ದೂರದಿಂದಲೇ ನನಗೆ ತೋರಿಸಿದಳು. "ಬಲಗಡೆ ಗುಡ್ಡ ನೋಡಣ್ಣ. ಹಸಿರು ತಗಡಿನ ಮನೆ, ಮುಂದ್ಗಡೆ ಹಲಸಿನ ಥರದ್ದು ದೊಡ್ಡ ಮರ. ಅದೇ ನಮ್ಮನೆ. ನಾನು ಅವ್ವನ್ನ ಕರೆಯಲ್ಲ. ಬಂದ್ರೆ ಅವಳಾಗೇ ಬರ್ಲಿ." ಹಡಗು ನಿಂತ ಮೇಲೆ ಅವಳು, ಮಾಯಾ, ಸಾವಿತ್ರಿ ಮೂವರೂ ಇಳಿದು ಹೋದರು. ಸಂಜೆಗೆ ಹಡಗು ಮತ್ತೆ ಹೊರಡುವುದು. ಅವ್ವ ಇಳಿಯಲಿಲ್ಲ, ಅವಳನ್ನು ಬಿಟ್ಟು ನಾನೂ ಹೋಗಲಿಲ್ಲ.

ಅವ್ವ ಡೆಕ್ಕಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ಸ್ವಲ್ಪ ಹೊತ್ತಿಗೆ, ನನ್ನ ಮುಖ ನೋಡದೆ, "ಯಾವ್ದಂತೆ?" ಅಂತ ಕೇಳಿದಳು. ನಾನು ಅವಳನ್ನು ಹಡಗಿನ ಬಲಗಡೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಗುಡ್ಡ ಇತ್ತು, ಹಸಿರು ತಗಡಿತ್ತು, ಮರವೂ ಇತ್ತು. ನಾವು ತಿಂಡಿ ತಿನ್ನುತ್ತಿದ್ದಾಗ ಹಡಗು ಇಡಿಯಾಗಿ ತಿರುಗಿ ನಿಂತಿದೆ ಎನ್ನುವುದು ಈ ಸಮಾಜದ ಮೇಷ್ಟರಿಗೆ ಹೊಳೆಯಲೇ ಇಲ್ಲ.

ಅವ್ವ ಆ ಮನೆಯ ಮೇಲೆ ಇಟ್ಟ ಕಣ್ಣು ತೆಗೆಯಲಿಲ್ಲ. ತಂತಿಯ ಮೇಲೆ ಬಟ್ಟೆ ಒಣಗುತ್ತಿತ್ತು. ಬಾಗಿಲು ತೆರೆದೇ ಇತ್ತು.

"ಲೋ, ಬಾಗ್ಲು ತೆಗ್ದೇ ಬುಟ್ಟವ್ಳೆ ಕಣ್ಲಾ. ಆಗ್ಲಿಂದ ನೋಡ್ತಾ ಇವ್ನಿ, ಒಂದ್ ನರಪಿಳ್ಳೆನೂ ಈಚೆಗೆ ಬಂದಿಲ್ಲ."

"ಒಳಗಿರ್ಬೇಕು ಬುಡವ್ವ."

"ಅತ್ಲಾಗ್ ನೋಡು ಮೋಡ ಎಂಗೆ ಕಟ್ಟೈತೆ. ಬಟ್ಟೆಯೆಲ್ಲಾ ನೆಂದೋಯ್ತದೆ." ಸ್ವಲ್ಪ ಹೊತ್ತು ಚಡಪಡಿಸಿ ಎದ್ದು ಸೆರಗು ಸಿಕ್ಕಿಸಿದಳು. "ನಡಿ, ಓಗಿ ಯೇಳ್ಬುಟ್ಟು ಬರಾನ."

"ಅವಳ ಮನೆಗಾ?"

"ಒಳಿಕ್ ಓಯ್ತೀನಾ? ಆಚೇಲೇ ನಿಂತ್ಕಂಡ್ ಯೇಳ್ತೀನಿ."

ಟ್ಯಾಕ್ಸಿಯವನಿಗೆ ಬೆರಳು ತೋರಿಸಿಯೇ ದಾರಿ ಹೇಳಿದೆ. ಗುಡ್ಡ ಹತ್ತಿ ಕಾರಿನಿಂದ ಇಳಿಯುವುದಕ್ಕೂ ಮಳೆ ಹನಿಯುವುದಕ್ಕೂ ಸರಿಹೋಯಿತು. ಅವ್ವ ನನಗೂ ಕಾಯಲಿಲ್ಲ, ತನ್ನ ಮಾತಿಗೂ ಕಾಯಲಿಲ್ಲ. ತಂತಿಯ ಮೇಲಿನ ಬಟ್ಟೆಗಳನ್ನೆಲ್ಲ ಬಾಚಿ ಎದೆಗೆ ಅವುಚಿಕೊಂಡು, ತೆರೆದ ಬಾಗಿಲಿನಿಂದ ಸೀದಾ ಒಳಕ್ಕೆ ನಡೆದುಬಿಟ್ಟಳು.

ಒಳಗೆ ಹೂವಿನ ಗೌನು ತೊಟ್ಟ ಒಬ್ಬ ಮುದುಕಿ ಇದ್ದಳು. ಮಳೆಯಲ್ಲಿ ನೆನೆದ, ಸೀರೆಯುಟ್ಟ ಹೆಂಗಸೊಬ್ಬಳು ತನ್ನ ಬಟ್ಟೆಗಳನ್ನು ಹೊತ್ತು ಬಂದದ್ದು ನೋಡಿ ಒಂದು ಗಳಿಗೆ ಬಾಯಿ ಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ನರ್ಸ್ ಜಯಾ?" ಅಂದಳು. ನಾನು ಸಂತೋಷದಿಂದ, ಹೌದು ಹೌದು, ನರ್ಸ್ ಜಯಾ ಅಂದೆ. ಅವಳು ಫೋನು ತೆಗೆದುಕೊಂಡು ಏನೋ ಮಾತಾಡಿದಳು. ಲಿಯೋನನ ತಾಯಿ ಇರಬೇಕು ಅಂತ ನಾನು ಬಗ್ಗಿ ನಮಸ್ಕಾರ ಮಾಡಿದೆ. ಅವ್ವ ಆಗಲೇ ಕೂತು ಬಟ್ಟೆ ಮಡಚತೊಡಗಿದ್ದಳು. ಒಂದು ಗಂಡಸಿನ ಅಂಗಿಯನ್ನು ಎತ್ತಿ ಹಿಡಿದು, "ಅಳೀಮಯ್ಯ ಇಷ್ಟೊಂದ್ ಸಣ್ಣೋನಾ? ಪೋಟದಲ್ಲಿ ಆನೆಯಂಗವ್ನೆ" ಅಂದಳು. ಅಳಿಯ ಎಂಬ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು.

ಮುದುಕಿ ಒಂದು ಲೋಟ ನೀರು ತಂದು ಕೊಟ್ಟಳು. ಅವ್ವ ಲೋಟ ನೋಡಿದಳು, ನನ್ನ ನೋಡಿದಳು. ನಾನು ಕಿಟಕಿಯಾಚೆ ಮಳೆ ನೋಡಿದೆ. ತಿರುಗುವಷ್ಟರಲ್ಲಿ ಲೋಟ ಖಾಲಿಯಾಗಿತ್ತು.

ಅಷ್ಟರಲ್ಲಿ ಜಯ ಓಡುತ್ತಾ ಬಂದಳು, ತಲೆಯಿಂದ ನೀರಿಳಿಯುತ್ತಿತ್ತು. ಅವ್ವ ಕೂತಲ್ಲಿಂದಲೇ ರೇಗಿದಳು.

"ಬಾಗ್ಲು ತೆಗ್ದಾಕ್ಬುಟ್ಟು ಎಲ್ಲಿಗಮ್ಮಿ ಓಗಿದ್ದೆ? ಒಣಾಕಿದ್ ಬಟ್ಟೆ ಮ್ಯಾಲೆ ಗ್ಯಾನ ಬ್ಯಾಡ್ವಾ? ಅತ್ತೆಮ್ಮುನ್ ಒಬ್ಳನ್ನೇ ಬುಟ್ಬುಟ್ಟು?"

ಇಷ್ಟು ವರ್ಷಗಳ ಮೇಲೆ ಅವ್ವ ಮಗಳ ಮುಖ ನೋಡಿ ಆಡಿದ ಮೊದಲ ಮಾತು ಅದು. ಜಯ ಬಾಗಿಲಲ್ಲೇ ನಿಂತುಬಿಟ್ಟಳು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಆ ಒದ್ದೆ ಮುಖದಲ್ಲಿ ನನಗೆ ತಿಳಿಯಲಿಲ್ಲ.

"ಇದು ನಮ್ಮನೆ ಅಲ್ಲ ಕಣವ್ವ" ಅಂದಳು. "ನಮ್ಮನೆ ಆ ಕಡೆ ಗುಡ್ಡದಲ್ಲಿ ಅದೆ. ಈಯಮ್ಮ ನಮ್ಮ ಆಸ್ಪತ್ರೆಗೆ ಬರೋರು."

ಅವ್ವ ಕೈಯಲ್ಲಿದ್ದ ಖಾಲಿ ಲೋಟ ನೋಡಿದಳು. ನನ್ನನ್ನು ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ. ಉಳಿದಿದ್ದ ಎರಡು ಬಟ್ಟೆಯನ್ನೂ ಮಡಚಿ, ಅಂಚು ಸರಿಮಾಡಿ, ಮುದುಕಿಯ ಕೈಗೆ ಕೊಟ್ಟು ಎದ್ದಳು. "ಅಂಗಾರೆ ನಿನ್ ಮನೆ ಎಲ್ಲೈತೆ? ತೋರ್ಸು ನಡಿ. ಇವ್ನ ನೆಚ್ಕಂಡ್ರೆ ಊರೆಲ್ಲಾ ಸುತ್ತುಸ್ತಾನೆ."

ಆ ಗುಡ್ಡದ ಹಸಿರು ತಗಡಿನ ಮನೆಯ ಮುಂದೆ ಲಿಯೋನ್ ನಿಂತಿದ್ದ. ನಿಜಕ್ಕೂ ಆನೆಯಂಥ ಆಳು. ಕೈ ಎಲ್ಲಿಡಬೇಕೋ ತಿಳಿಯದೆ ಜೇಬಿಗೆ ಹಾಕಿದ, ತೆಗೆದ, ಕೊನೆಗೆ ಮುಗಿದ. ಹೆಂಡತಿಯಿಂದ ಕಲಿತ ಒಂದೇ ಒಂದು ಮಾತನ್ನು, ಪಾಠ ಒಪ್ಪಿಸುವ ಹುಡುಗನ ಹಾಗೆ ಹೇಳಿದ. "ಬನ್ನಿ ಅವ್ವಾ. ನೀರು ಕುಡೀರಿ."

"ಈಗ್ತಾನೆ ಕುಡುದ್ನಲ್ಲಪ್ಪ" ಅಂದಳು ಅವ್ವ. ಅವನಿಗೆ ಅರ್ಥವಾಗಲಿಲ್ಲ. ಅವನ ಮುಖ ಬಾಡಿದ್ದು ಕಂಡು, "ಆಯ್ತು, ತತ್ತಾ" ಎಂದು ಕೈ ಚಾಚಿದಳು. ಎರಡನೇ ಲೋಟವನ್ನೂ ನಿಲ್ಲಿಸದೆ ಕುಡಿದಳು.

ಸಂಜೆ ಜಯ, ಮಾಯಾ ಸಮೇತ ಹಡಗಿಗೆ ಮರಳಿದ ಮೇಲೆ ಊಟದ ಮೇಜಿನಲ್ಲಿ ನನ್ನ ಕೆಲಸ ಹೋಗಿತ್ತು. ತಾಯಿ ಮಗಳು ನೇರಾನೇರ ಜಗಳವಾಡಿದರು. ತಲೆ ಬಾಚುವುದರ ಬಗ್ಗೆ, ಮೊಸರಿನ ಬಗ್ಗೆ, ಮದುವೆಯ ಫೋಟೋದ ಬಗ್ಗೆ. ಮಧ್ಯೆ ಅತ್ತರು ಕೂಡ. ನಾನು ಹೊಟ್ಟೆ ತುಂಬ ಉಂಡೆ. ಆದರೂ ಏನೋ ಕಳೆದುಕೊಂಡವನ ಹಾಗೆ ಆಗಾಗ ಬಾಯಿ ತೆರೆದು, ಇಬ್ಬರೂ ನನ್ನ ಕಡೆ ನೋಡದ್ದರಿಂದ ಮುಚ್ಚಿಕೊಳ್ಳುತ್ತಿದ್ದೆ.

ಮೊನ್ನೆ ಹಲ್ಲಿನ ಡಾಕ್ಟರು ಅರ್ಧ ಗಂಟೆಯಲ್ಲಿ ಅವ್ವನನ್ನು ಆಚೆಗೆ ಕಳಿಸಿದರು. ದವಡೆಹಲ್ಲು ಕಿತ್ತಿದ್ದರು. ಬಾಯಿ ತುಂಬ ಹತ್ತಿ, ಮಾತಾಡಬಾರದೆಂದು ಕಟ್ಟಪ್ಪಣೆ. ಪಕ್ಕದಲ್ಲಿ ಕೂರಿಸಿಕೊಂಡೆ. ಇಷ್ಟು ದಿನ ಕೇಳಲಾಗದ ಒಂದು ಮಾತು, ಅವಳು ತಿರುಗಿ ಬೈಯಲಾರಳೆಂಬ ಧೈರ್ಯಕ್ಕೋ ಏನೋ, ಬಾಯಿಗೆ ಬಂತು.

"ಅವ್ವ, ಆವತ್ತು ನೀರು ಕುಡಿಯೋವಾಗ ಅದು ಜಯನ ಮನೆ ಅಂತ್ಲೇ ತಿಳ್ಕಂಡು ಕುಡುದ್ಯಾ? ಇಲ್ಲಾ ಬೇರೆ ಯಾರ್ದೋ ಮನೆ ಅಂತ ಗೊತ್ತಾಗಿ ಕುಡುದ್ಯಾ?"

ಅವ್ವ ಹತ್ತಿಯ ಹಿಂದಿನಿಂದ ಏನೋ ಅಂದಳು. ಒಂದಕ್ಷರವೂ ತಿಳಿಯಲಿಲ್ಲ. ಆಮೇಲೆ ನನ್ನ ಜೇಬಿಗೆ ಕೈಹಾಕಿ ಫೋನು ತೆಗೆದು ನನ್ನ ಮುಂದೆ ಹಿಡಿದಳು. ಜಯಳಿಗೆ ಮಾಡು ಅಂತ.

ನಮಗೆ ದೀಪ ಹಚ್ಚುವ ಹೊತ್ತು, ಅವಳಿಗೆ ಡ್ಯೂಟಿಗೆ ಹೊರಡುವ ಬೆಳಗ್ಗೆ. ಅವಳು ಫೋನೆತ್ತಿದಳು. ಹಲ್ಲು ಕಿತ್ತಿದ್ದಾರೆ, ಅವ್ವ ಮಾತಾಡುವಂತಿಲ್ಲ, ನೀನೇ ಮಾತಾಡು ಅಂತ ಹೇಳಿ ಫೋನನ್ನು ಅವ್ವನ ಕಿವಿಗಿಟ್ಟೆ. ಜಯ ಶುರುಮಾಡಿದಳು. ಮಾಯಾಳ ಸ್ಕೂಲು, ಲಿಯೋನನ ಕಾಲುನೋವು, ಆಸ್ಪತ್ರೆಯಲ್ಲಿ ಯಾರೋ ಅಂದ ಮಾತು, ಒಬ್ಬಳೇ ಹೆರಿಗೆ ಮಾಡಿಕೊಂಡ ದಿನಗಳಲ್ಲಿ ಅವ್ವನ ಸಾರು ನೆನೆಸಿಕೊಂಡು ಅತ್ತದ್ದು, ಎಲ್ಲವೂ ಫೋನಿನಿಂದ ಸಣ್ಣಗೆ ಹೊರಗೆ ಕೇಳುತ್ತಿತ್ತು. ಎದುರು ಮಾತಾಡಲು ಬಾಯಿಲ್ಲದ ಅವ್ವ ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕೇಳುತ್ತಲೇ ಇದ್ದಳು. ಬಾಗಿಲು ಹಾಕಬೇಕು ಅಂತ ಆ ಸ್ಯಾನಿಟೈಸರ್ ಹುಡುಗಿ ಎರಡು ಸಲ ಬಂದು ನೋಡಿ ಹೋದಳು. ನಾನು ತುಟಿಗೆ ಬೆರಳಿಟ್ಟು, ಇನ್ನೊಂದು ಸ್ವಲ್ಪ ಹೊತ್ತು ತಾಯಿ ಅಂತ ಕೈಸನ್ನೆ ಮಾಡಿದೆ.