ಅಳದೇ ಇದ್ದವಳು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ನಾನು ಇಸ್ತ್ರಿಯವಳು, ಅವಳು ಮಡಿಸುವವಳು. ದೊಡ್ಡ ಹಾಸುಬಟ್ಟೆಗಳನ್ನು ಇಬ್ಬರು ಎದುರುಬದುರು ಹಿಡಿದು, ಒಬ್ಬರ ಕಡೆಗೊಬ್ಬರು ನಡೆದುಬಂದು ಮಡಿಸುವುದು ನಮ್ಮಲ್ಲಿ ರೂಢಿ. ಊರ ಸುದ್ದಿಯೆಲ್ಲ ಕೈಬದಲಾಗುವುದು ಆಗಲೇ. ಇವಳು ಮಾತ್ರ ಒಂದು ತುದಿಯನ್ನು ಗೋಡೆಯ ಕೊಕ್ಕೆಗೆ ಸಿಕ್ಕಿಸಿ ಒಬ್ಬಳೇ ಮಡಿಸುತ್ತಿದ್ದಳು. ಬೇರೆಯವರ ಬೆರಳು ತಾಗಿದರೆ ಮೈಯೆಲ್ಲ ಉರಿಯುತ್ತದಂತೆ. ಮಾತಾಡಿಸಿದರೆ ಹತ್ತಕ್ಕೊಂದು ಉತ್ತರ. ಅದಕ್ಕೇ ಅವಳಿಗೆ 'ಗೋಡೆ' ಎಂಬ ಹೆಸರು ಬಿತ್ತು. ಇಟ್ಟವರ ಬಾಯಿಗೆ ಮಣ್ಣು ಬೀಳಲಿ.

ಐವತ್ತು ದಾಟಿದ ಹೆಂಗಸು, ಬಾಡಿಗೆ ಕೋಣೆಯಲ್ಲಿ ಒಂಟಿ. ತನ್ನವರು ಅಂತ ಇದ್ದದ್ದು ಒಬ್ಬಳು ಅಕ್ಕ. ಅವಳೂ ಇವಳಿಗೆ ಬಾಗಿಲು ಮುಚ್ಚಿ ಬಹಳ ವರ್ಷಗಳಾಗಿದ್ದವು. ಹಾಸಿಗೆ ಹಿಡಿದಿದ್ದ ಅಮ್ಮನಿಗೆ ದಿನಾ ಬೆಳಿಗ್ಗೆ ಹಾಸುಬಟ್ಟೆ ಬದಲಾಯಿಸುತ್ತಿದ್ದವಳು ಇವಳೇ. ಅಮ್ಮ ತೀರಿಕೊಂಡ ಬೆಳಿಗ್ಗೆಯೂ ಬದಲಾಯಿಸಿದಳು. ನೆಂಟರೆಲ್ಲ ಸುತ್ತ ಕೂತು ಅಳುತ್ತಿರುವಾಗ ಒಳಗೆ ಬಂದು, ಅಮ್ಮನ ದೇಹವನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ, ಹಳೆಯದನ್ನು ತೆಗೆದು, ಒಗೆದದ್ದನ್ನು ಹಾಸಿ ಸುಕ್ಕು ನೀವಿದಳು. ಕಣ್ಣಲ್ಲಿ ಒಂದು ಹನಿಯಿಲ್ಲ. "ಕಲ್ಲು ಕಣೇ ನೀನು. ನನ್ನ ಮನೆ ಹೊಸಿಲು ತುಳೀಬೇಡ," ಎಂದಳಂತೆ ಅಕ್ಕ. ಬಾಯಿಬಿಟ್ಟು ಅತ್ತರೆ ಮಾತ್ರ ದುಃಖ ಅನ್ನುವ ಜನ.

ಹೋದ ವರ್ಷ ಒಣಗಿಸುವ ಹೊಸ ಯಂತ್ರ ಬಂತು. ಅದರ ಕಿರುಚಾಟಕ್ಕೆ ಗೋಡೆ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಕೂತುಬಿಟ್ಟಳು. ಮೇಲಿನ ಅಂತಸ್ತಿನಲ್ಲಿದ್ದ ಮನೋವೈದ್ಯೆಯ ಹತ್ತಿರ ನಾನೇ ಕರೆದೊಯ್ದೆ. ನಾಲ್ಕಾರು ಸಲ ಕೂರಿಸಿ ಮಾತಾಡಿಸಿದ ಮೇಲೆ ಅವರು, ಇದು ಆಟಿಸಂ, ಸದ್ದು ಸ್ಪರ್ಶ ತಡೆಯಲಾಗದು, ಒಳಗೆ ದುಃಖವಿದ್ದರೂ ಮುಖದಲ್ಲಿ ಕಾಣದಿರಬಹುದು ಎಂದರು.

"ಅದು ಮಕ್ಕಳಿಗಲ್ವಾ ಡಾಕ್ಟ್ರೇ?" ಎಂದೆ. ನನ್ನ ಬಾಯಿಗೆ ಬೀಗ ಎಲ್ಲಿದೆ.

"ಇವರೂ ಮಗು ಆಗಿದ್ರಲ್ಲ. ಆಗ ಯಾರೂ ಗಮನಿಸ್ಲಿಲ್ಲ, ಅಷ್ಟೇ."

ಮೆಟ್ಟಿಲಿಳಿಯುವಾಗ ಗೋಡೆ ತಾನಾಗಿಯೇ ಮಾತಾಡಿದಳು. "ಹಾಗಾದ್ರೆ ನಾನು ಕಲ್ಲಲ್ಲ. ಅಕ್ಕಂಗೆ ಹೇಳ್ಬೇಕು. ಹೇಳಿದ್ರೆ ಬಾಗಿಲು ತೆಗೀತಾಳೆ." ಆ ಮುಖದಲ್ಲಿ ಅಷ್ಟು ಆಸೆಯನ್ನು ನಾನು ಎಂದೂ ಕಂಡಿರಲಿಲ್ಲ.

ಭಾನುವಾರ ಹೋಗಿಬಂದಳು. ಸೋಮವಾರ ನಾನು ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಅವಳ ಹತ್ತಿರ ಹೋದೆ.

"ಬಾಗಿಲು ತೆಗೆದ್ಲಾ?"

"ತೆಗೆದ್ಲು. ತುಂಬಾ ಅತ್ಲು. ಮೇಲಿನ ಕೋಣೆ ಖಾಲಿ ಇದೆ, ಬಂದು ಇರು ಅಂದ್ಲು."

"ಮತ್ತಿನ್ನೇನೇ, ಗಂಟುಮೂಟೆ ಕಟ್ಟು."

ಅವಳು ಬಟ್ಟೆಯ ಅಂಚು ಸರಿಮಾಡುತ್ತಲೇ ಹೇಳಿದಳು. "'ಪಾಪ, ನಿಂಗೆ ದುಃಖ ಅನ್ನೋದೇ ಆಗಲ್ಲ, ನಂಗೆ ಗೊತ್ತಿರ್ಲಿಲ್ಲ, ಕ್ಷಮಿಸಿದೀನಿ' ಅಂದ್ಲು. 'ಆಗಿತ್ತು ಅಕ್ಕ, ಈಗ್ಲೂ ಆಗುತ್ತೆ' ಅಂದೆ. 'ಆಯ್ತು ಬಿಡು, ಅದು ನಿನ್ನ ಕಾಯಿಲೆ' ಅಂತ ತಲೆ ಸವರಿದ್ಲು."

ನನಗೆ ಸಿಟ್ಟು ನೆತ್ತಿಗೇರಿತು. ಆದರೂ ಬುದ್ಧಿ ಹೇಳಿದೆ. "ಅಂದ್ಕೊಂಡ್ರೆ ಅಂದ್ಕೊಳ್ಲಿ ಬಿಡೇ. ಹೂಂ ಅಂದು ಹೋಗಿ ಇರು. ಒಂಟಿ ಬಾಳು ಸಾಕಾಗಿಲ್ವಾ ನಿಂಗೆ?"

"ಸಾಕಾಗಿದೆ," ಎಂದಳು. "ಆದ್ರೆ ಅಮ್ಮ ಸತ್ತಾಗ ನಂಗೆ ಏನೂ ಅನ್ನಿಸ್ಲಿಲ್ಲ ಅಂತ ಹೇಗೆ ಒಪ್ಕೊಳ್ಲಿ?"

ಸಂಜೆ ಕೆಲಸ ಮುಗಿಸಿ ಅವಳು ತನ್ನ ಬಾಡಿಗೆ ಕೋಣೆಗೇ ಹೋದಳು.