ಏಳನೆಯ ಹಾಡಿನ ಇಸವಿ

ಶಾಲಿನಿ, ನಿನ್ನ ಆಲ್ಬಂನ ಏಳನೆಯ ಹಾಡು ಯಾವ ಅಮೆರಿಕನ್ ಗಾಯಕನದೂ ಅಲ್ಲ. ಅದನ್ನು ಬರೆದು ರಾಗ ಹಾಕಿದವಳು ನಾನು — ನಿನ್ನ ದೊಡ್ಡಮ್ಮ.

ಆರು ವರ್ಷ ಈ ಮಾತನ್ನು ಬಚ್ಚಿಟ್ಟೆ. ಅಮೆರಿಕದ ಹಳೆಯ ರಿದಮ್ ಅಂಡ್ ಬ್ಲೂಸ್ ಹಾಡುಗಳನ್ನು ಮತ್ತೆ ಹಾಡಿ ಆಲ್ಬಂ ಮಾಡಹೊರಟಾಗ, ಅದರ ಟಿಪ್ಪಣಿ ಬರೆಯುವ ಹೊಣೆಯನ್ನು ನೀನು ನನಗೆ ಒಪ್ಪಿಸಿದೆ. ಶಾಸನಗಳ ಕಾಲನಿರ್ಣಯದಲ್ಲೇ ಆಯುಷ್ಯ ಕಳೆದವಳು ನಾನು. ಒಂದೊಂದು ಹಾಡಿನ ಇಸವಿಯನ್ನೂ ಎರಡೆರಡು ಕಡೆ ತಾಳೆ ನೋಡದೆ ಬರೆಯಲಿಲ್ಲ. ಅಷ್ಟರಲ್ಲಿ ನೀನು ಮೈಲಾಪೂರಿನ ನನ್ನ ಮನೆಗೆ ಓಡಿಬಂದೆ.

"ದೊಡ್ಡಮ್ಮಾ, ಒಂದು ಹಾಡು ಕಮ್ಮಿ ಬೀಳ್ತಿದೆ. ಯಾರೂ ಕೇಳಿರಬಾರ್ದು, ಆದ್ರೆ ಪಕ್ಕಾ ಹಳೇದಾಗಿರ್ಬೇಕು."

ಕಾಲೇಜಿನ ದಿನಗಳಲ್ಲಿ ರೇಡಿಯೋದಲ್ಲಿ ಅಂಥ ಹಾಡುಗಳನ್ನು ಕೇಳಿ ಕೇಳಿ, ನಾನೇ ಇಂಗ್ಲಿಷಿನಲ್ಲಿ ಕಟ್ಟಿದ್ದೊಂದನ್ನು — ಯಾಕೋ — ಗುನುಗಿದೆ.

"ಸೆಮ ಹಾಡು, ಸಖತ್ತಾಗಿದೆ! ಯಾವ ತಾತಂದು ಇದು?"

ನನ್ನದು ಎನ್ನಬೇಕಿತ್ತು. ನೀನು ನಕ್ಕುಬಿಡುತ್ತೀಯೇನೋ — ಅಥವಾ, ಅದಕ್ಕಿಂತ ಕೆಟ್ಟದ್ದು, ದೊಡ್ಡಮ್ಮನದೆಂಬ ದಾಕ್ಷಿಣ್ಯಕ್ಕೆ ಹಾಡುತ್ತೀಯೇನೋ... "ಹೆಸರು ಸಿಕ್ಕಿಲ್ಲ ಕಣೇ" ಎಂದುಬಿಟ್ಟೆ. ಟಿಪ್ಪಣಿಯಲ್ಲಿ 'ಕರ್ತೃ ಅಜ್ಞಾತ' ಎಂದು ಬರೆದು, ಪಕ್ಕದಲ್ಲಿ ಇಸವಿಯನ್ನೂ ಹಾಕಿದೆ. ಅದಕ್ಕಾಗಿ ನನ್ನದೇ ಹಳೆಯ ದಿನಚರಿ ತೆಗೆದು ತಾಳೆ ನೋಡಿದ್ದೆ! ಹೇಳಿದ್ದು ಹಸಿ ಸುಳ್ಳು. ಇಸವಿ ಮಾತ್ರ ಅಪ್ಪಟ ನಿಜ.

ಆಮೇಲೆ ಪ್ರತಿ ಕಾರ್ಯಕ್ರಮದಲ್ಲೂ ನೀನು ಆ ಕಾಣದ ತಾತನಿಗೆ ಕೈಮುಗಿದೇ ಹಾಡಿದೆ. ಮೂರನೆಯ ಸಾಲಿನಲ್ಲಿ ಕುಳಿತು ನಾನೂ ಕಣ್ಣೊರೆಸಿಕೊಂಡೆ — ಭಕ್ತಿಯಿಂದಲ್ಲ, ಹೆಮ್ಮೆಯಿಂದ. ಆ ಸುಖವನ್ನು ಅಲ್ಲಗಳೆಯಲಾರೆ.

ಆದರೆ ನಿನ್ನೆ ಫೋನಿನಲ್ಲಿ ನೀನು, "ಬ್ಯಾಂಕಲ್ಲಿ ಒಂದು ತಿಂಗಳು ರಜ ಕೇಳಿದೀನಿ ದೊಡ್ಡಮ್ಮಾ. ಅಮೆರಿಕಕ್ಕೆ ಹೋಗಿ ತಾತನ ಮನೆಯವರನ್ನ ಹುಡುಕ್ತೀನಿ, ಸಿಕ್ಕಿದ್ರೆ ಕಾಲಿಗೆ ಬೀಳ್ತೀನಿ" ಎಂದೆಯಲ್ಲ — ಇಲ್ಲದ ಮನುಷ್ಯನಿಗಾಗಿ ನಿನ್ನನ್ನು ಸಮುದ್ರ ದಾಟಿಸುವಷ್ಟು ದೂರ ನನ್ನ ಸುಳ್ಳು ಹೋಗಬಾರದು.

ಟಿಕೆಟ್ ತೆಗೆಸಬೇಡ. ನನ್ನ ಹೆಸರು ಸಮೇತ ತಿದ್ದುಪಡಿ ಬರೆದಿಟ್ಟಿದ್ದೇನೆ. ಅದನ್ನು ಅಚ್ಚು ಹಾಕಿಸುವುದೂ ಕೇಳುಗರ ಮುಂದೆ ಓದುವುದೂ ನಿನ್ನ ಹಕ್ಕು. ಭಾನುವಾರ ಬೆಳಿಗ್ಗೆ ತಾಂಬರಂಗೆ, ನಿನ್ನ ಮನೆಗೇ ಬರುತ್ತೇನೆ. ಬೈಯುವಷ್ಟೂ ಬೈದು ಮುಗಿಸು. ನಡುವೆ ನಾನು ಒಂದು ಮಾತೂ ಆಡುವುದಿಲ್ಲ — ಅದು ನನಗೆ ಎಂಥ ಶಿಕ್ಷೆಯೆಂಬುದು ನಿನಗೇ ಗೊತ್ತು.